ಕಿರೀಟದಿಂದ ಬಂದ ಹೆಸರು

ಅಧಿಕಾರದ ಹೆಸರುಗಳಿಗೆ ಅಧಿಕಾರಿಗಳಿಗಿಂತ ಆಯುಷ್ಯ ಹೆಚ್ಚು. ನಮ್ಮ ನಾಡಿನಲ್ಲಿ ಶಾನುಭೋಗ, ಪಟೇಲ, ಅಮಲ್ದಾರ ಮೊದಲಾದ ಹುದ್ದೆಗಳು ಹೋಗಿ ಎಷ್ಟೋ ವರ್ಷಗಳಾದರೂ ಆ ಹೆಸರುಗಳು ಜನರ ಮಾತಿನಲ್ಲಿಯೂ ಮನೆತನಗಳಲ್ಲಿಯೂ ಉಳಿದಿವೆ. ಇಂಥ ಹೆಸರುಗಳಲ್ಲಿ ಕೆಲವು ಕೆಲಸ ಅಳಿದ ಮೇಲೆ ಬರಿಯ ನೆನಪಾಗಿ ನಿಲ್ಲುತ್ತವೆ. ಮತ್ತೆ ಕೆಲವು ಹೊಸ ಕಾಲದಲ್ಲಿ ಹೊಸ ಕೆಲಸವನ್ನು ವಹಿಸಿಕೊಂಡು ಮುಂದುವರಿಯುತ್ತವೆ. ಹೆಸರು ಹಾಗೆಯೇ ಉಳಿದು, ಕೆಲಸವೂ ಬಹುಮಟ್ಟಿಗೆ ಹಾಗೆಯೇ ಉಳಿದು, ಅದರ ಉದ್ದೇಶವೊಂದು ಮಾತ್ರ ಪೂರ್ತಿಯಾಗಿ ಬದಲಾದ ಪದವಿಗಳು ಬಹಳ ಅಪರೂಪ. ಇಂಗ್ಲೆಂಡಿನ 'ಕೊರೋನರ್' ಎಂಬ ಪದವಿ ಅಂಥ ಅಪರೂಪದ ಒಂದು ನಿದರ್ಶನ. ಅದು ಹುಟ್ಟಿದ್ದು ರಾಜನ ಬೊಕ್ಕಸವನ್ನು ತುಂಬಿಸುವುದಕ್ಕಾಗಿ. ಬೆಳೆದು ನಿಂತದ್ದು ಸತ್ತ ಸಾಮಾನ್ಯನ ಪರವಾಗಿ ಸತ್ಯವನ್ನು ಹುಡುಕುವುದಕ್ಕಾಗಿ.

ಮೊದಲು ಈ ಹೆಸರಿನ ಅರ್ಥವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ 'ಕೊರೋನಾ' ಎಂದರೆ ತಲೆಗೆ ಸುತ್ತುವ ಮಾಲೆ, ಕಿರೀಟ. ಸೂರ್ಯಗ್ರಹಣದ ಕಾಲದಲ್ಲಿ ಕಪ್ಪಾದ ಬಿಂಬದ ಸುತ್ತ ಕಾಣುವ ಬೆಳ್ಳಿಯಂಥ ಪ್ರಭೆಗೆ ವಿಜ್ಞಾನಿಗಳು ಕೊರೋನಾ ಎಂದೇ ಹೆಸರಿಟ್ಟರು. 2020ರಲ್ಲಿ ಜಗತ್ತನ್ನು ತಲ್ಲಣಗೊಳಿಸಿದ ಮಹಾಮಾರಿಯ ವೈರಾಣುವಿಗೂ, ಅದರ ಮೈಮೇಲಿನ ಮುಳ್ಳುಗಳು ಕಿರೀಟದಂತೆ ಕಾಣುವ ಕಾರಣ, ಅದೇ ಹೆಸರು ಸಂದಿತು. ರಾಜನ ತಲೆಯ ಮೇಲಿನ ಕಿರೀಟ ರಾಜಾಧಿಕಾರದ ಕುರುಹು. ಆದುದರಿಂದ ಮಧ್ಯಯುಗದ ಇಂಗ್ಲೆಂಡಿನಲ್ಲಿ ರಾಜನಿಗೆ ನೇರವಾಗಿ ಸಂಬಂಧಿಸಿದ ಮೊಕದ್ದಮೆಗಳನ್ನು 'ಕಿರೀಟದ ವ್ಯಾಜ್ಯಗಳು' ಎಂದು ಕರೆಯುತ್ತಿದ್ದರು. ಕೊಲೆ, ದರೋಡೆ, ಬೆಂಕಿ ಹಚ್ಚುವುದು ಮುಂತಾದ ಘೋರ ಅಪರಾಧಗಳೂ, ನೆಲದಲ್ಲಿ ದೊರೆತ ನಿಧಿಯ ವಿಚಾರವೂ ಈ ಗುಂಪಿಗೆ ಸೇರಿದ್ದುವು. ಇವುಗಳನ್ನು ನೋಡಿಕೊಳ್ಳುವ ಅಧಿಕಾರಿಗೆ ಲ್ಯಾಟಿನ್ ದಾಖಲೆಗಳಲ್ಲಿ 'ಕಿರೀಟದ ವ್ಯಾಜ್ಯಗಳ ಪಾಲಕ' ಎಂಬ ಉದ್ದವಾದ ಹೆಸರಿತ್ತು. ಜನರ ನಾಲಗೆ ಉದ್ದನೆಯ ಹೆಸರನ್ನು ಸಹಿಸುವುದಿಲ್ಲ. ಕಿರೀಟವೆಂಬ ಒಂದು ಪದವನ್ನು ಮಾತ್ರ ಉಳಿಸಿಕೊಂಡು ಅವರು ಅವನನ್ನು 'ಕೊರೋನರ್' ಎಂದರು. ಹಳ್ಳಿಗರ ಬಾಯಲ್ಲಿ ಅದು 'ಕ್ರೌನರ್' ಎಂದೂ ಆಯಿತು. ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದಲ್ಲಿ ಗೋರಿ ತೋಡುವವರು ಈ ಅಧಿಕಾರಿಯನ್ನು ಹೆಸರಿಸುವುದು ಈ ಆಡುಮಾತಿನ ರೂಪದಿಂದಲೇ.

ಈ ಪದವಿಯ ಹುಟ್ಟಿಗೆ ಕಾರಣವಾದುದು ರಾಜನ ಹಣದ ಮುಗ್ಗಟ್ಟು. ಸಿಂಹಹೃದಯನೆಂದು ಹೆಸರಾದ ಒಂದನೆಯ ರಿಚರ್ಡ್ 1189ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿ, ಮರುವರ್ಷವೇ ಧರ್ಮಯುದ್ಧಕ್ಕೆಂದು ಪೂರ್ವದೇಶಗಳಿಗೆ ಹೊರಟನು. ಯುದ್ಧ ಮುಗಿಸಿ ಹಿಂದಿರುಗುವಾಗ 1192ರ ಡಿಸೆಂಬರಿನಲ್ಲಿ ಆಸ್ಟ್ರಿಯದ ಡ್ಯೂಕನ ಕೈಗೆ ಸೆರೆ ಸಿಕ್ಕಿದನು. ಡ್ಯೂಕನು ಅವನನ್ನು ಜರ್ಮನಿಯ ಚಕ್ರವರ್ತಿಗೆ ಒಪ್ಪಿಸಿದನು. ಬಿಡುಗಡೆಗೆ ಕೇಳಿದ ಒತ್ತೆಹಣ 1,50,000 ಮಾರ್ಕ್‌ಗಳು. ಆ ಕಾಲಕ್ಕೆ ಅದು ಒಂದು ರಾಜ್ಯವನ್ನೇ ಬರಿದು ಮಾಡುವ ಮೊತ್ತ. ಪ್ರಜೆಗಳ ಆದಾಯದ ನಾಲ್ಕನೆಯ ಒಂದು ಭಾಗವನ್ನು ತೆರಿಗೆಯಾಗಿ ಎತ್ತಲಾಯಿತು. ಚರ್ಚುಗಳ ಬೆಳ್ಳಿಬಂಗಾರದ ಪಾತ್ರೆಗಳನ್ನೂ, ಮಠಗಳ ಉಣ್ಣೆಯನ್ನೂ ಬಿಡಲಿಲ್ಲ. 1194ರ ಫೆಬ್ರುವರಿಯಲ್ಲಿ ರಿಚರ್ಡ್ ಬಿಡುಗಡೆ ಹೊಂದಿದನಾದರೂ ಅವನಿಗೆ ಫ್ರಾನ್ಸಿನಲ್ಲಿ ಮತ್ತೊಂದು ಯುದ್ಧ ಕಾದಿತ್ತು. ಬೊಕ್ಕಸ ಬರಿದಾಗಿತ್ತು, ಖರ್ಚು ನಿಂತಿರಲಿಲ್ಲ.

ರಾಜನ ಪರವಾಗಿ ಆಗ ಆಡಳಿತ ನಡೆಸುತ್ತಿದ್ದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹ್ಯೂಬರ್ಟ್ ವಾಲ್ಟರ್. ರಾಜನಿಗೆ ನ್ಯಾಯವಾಗಿ ಸಲ್ಲಬೇಕಾದ ದಂಡಗಳೂ ಮುಟ್ಟುಗೋಲುಗಳೂ ಎಲ್ಲಿಯೋ ಸೋರಿಹೋಗುತ್ತಿವೆ ಎಂಬುದನ್ನು ಅವನು ಕಂಡುಕೊಂಡನು. ಆ ಸೋರಿಕೆಗೆ ಎರಡು ಕಾರಣಗಳಿದ್ದುವು. ದೊಡ್ಡ ಅಪರಾಧಗಳನ್ನು ವಿಚಾರಿಸಲು ರಾಜನ ಸಂಚಾರಿ ನ್ಯಾಯಾಧೀಶರು ಒಂದೊಂದು ಜಿಲ್ಲೆಗೂ ಎಷ್ಟೋ ವರ್ಷಗಳಿಗೊಮ್ಮೆ ಮಾತ್ರ ಬರುತ್ತಿದ್ದರು. ಅಷ್ಟರಲ್ಲಿ ಸಾಕ್ಷಿಗಳು ಸತ್ತಿರುತ್ತಿದ್ದರು, ಜನ ಮರೆತಿರುತ್ತಿದ್ದರು. ಇದು ಮೊದಲನೆಯ ಕಾರಣ. ಜಿಲ್ಲೆಯಲ್ಲಿ ರಾಜನ ಪ್ರತಿನಿಧಿಯಾಗಿದ್ದ ಷೆರಿಫ್ ಎಂಬ ಅಧಿಕಾರಿ ಬಂದ ಹಣದಲ್ಲಿ ತನ್ನ ಪಾಲನ್ನು ತಾನೇ ತೆಗೆದುಕೊಳ್ಳುವ ಸಂಭವವಿತ್ತು. ಇದು ಎರಡನೆಯದು. ಇವೆರಡಕ್ಕೂ ಪರಿಹಾರವಾಗಿ 1194ರ ಸೆಪ್ಟೆಂಬರಿನಲ್ಲಿ ಸಂಚಾರಿ ನ್ಯಾಯಾಧೀಶರಿಗೆ ಹೊರಡಿಸಿದ ವಿಧಿಗಳಲ್ಲಿ ಒಂದು ಚಿಕ್ಕ ವಾಕ್ಯ ಸೇರಿತು. ಪ್ರತಿಯೊಂದು ಜಿಲ್ಲೆಯಲ್ಲಿಯೂ ಮೂವರು ಸರದಾರರನ್ನೂ ಒಬ್ಬ ಕರಣಿಕನನ್ನೂ ಕಿರೀಟದ ವ್ಯಾಜ್ಯಗಳ ಪಾಲಕರನ್ನಾಗಿ ಆರಿಸಬೇಕೆಂಬುದು ಅದರ ಸಾರ. ಕೊರೋನರ್ ಪದವಿಯ ಇತಿಹಾಸ ಇಲ್ಲಿಂದ ಮೊದಲಾಗುತ್ತದೆ.

ಇಲ್ಲಿ 'ಪಾಲಕ' ಎಂಬ ಮಾತನ್ನು ಗಮನಿಸಬೇಕು. ಕೊರೋನರನು ತೀರ್ಪು ಕೊಡುವವನಾಗಿರಲಿಲ್ಲ. ಏನು ನಡೆಯಿತೆಂಬುದನ್ನು ಸ್ಥಳದಲ್ಲಿಯೇ ವಿಚಾರಿಸಿ, ಬರೆದಿಟ್ಟು, ನ್ಯಾಯಾಧೀಶರು ಬರುವವರೆಗೆ ಅದನ್ನು ಕೆಡದಂತೆ ಕಾಪಾಡುವುದು ಅವನ ಹೊಣೆ. 1215ರಲ್ಲಿ ಜಾನ್ ರಾಜನು ಒಪ್ಪಿಕೊಂಡ ಮ್ಯಾಗ್ನ ಕಾರ್ಟದ ಇಪ್ಪತ್ತನಾಲ್ಕನೆಯ ವಿಧಿ ಈ ಎಲ್ಲೆಯನ್ನು ಸ್ಪಷ್ಟಪಡಿಸಿತು. ಷೆರಿಫನಾಗಲಿ ಕೊರೋನರನಾಗಲಿ ಕಿರೀಟದ ವ್ಯಾಜ್ಯಗಳನ್ನು ತಾನೇ ತೀರ್ಮಾನಿಸಕೂಡದೆಂದು ಅದು ಹೇಳಿತು. ವಿಚಾರಿಸಿ ಬರೆಯುವವನು ಒಬ್ಬ, ತೀರ್ಮಾನಿಸುವವನು ಇನ್ನೊಬ್ಬ ಎಂಬ ಈ ವಿಂಗಡಣೆ ನ್ಯಾಯದ ಇತಿಹಾಸದಲ್ಲಿ ಚಿಕ್ಕ ಸಂಗತಿಯಲ್ಲ.

ಅಂದಿನ ಒಂದು ಹಳ್ಳಿಯಲ್ಲಿ ಈ ವ್ಯವಸ್ಥೆ ಹೇಗೆ ನಡೆಯುತ್ತಿತ್ತೆಂಬುದನ್ನು ಊಹಿಸಿಕೊಳ್ಳೋಣ. ಬೆಳಗಿನ ಜಾವ ಹೊಳೆಯ ದಡಕ್ಕೆ ಹೋದವನಿಗೆ ಒಂದು ಹೆಣ ಕಾಣಿಸುತ್ತದೆ. ಮೊದಲು ಕಂಡವನು ಕೂಗು ಹಾಕಿ ನೆರೆಯವರನ್ನು ಕರೆಯಬೇಕು, ಕರೆಯದಿದ್ದರೆ ದಂಡ. ಕೂಗು ಕೇಳಿದವರು ಓಡಿ ಬರಬೇಕು, ಬಾರದಿದ್ದರೆ ದಂಡ. ಕೊರೋನರನು ಬರುವವರೆಗೆ ಹೆಣವನ್ನು ಹೂಳುವಂತಿಲ್ಲ. ಹೂಳಿದರೆ ಊರಿಗೇ ದಂಡ, ಹೂತದ್ದನ್ನು ಮತ್ತೆ ಹೊರತೆಗೆಯುವ ಕಷ್ಟ ಬೇರೆ. ಕೊರೋನರನು ಕುದುರೆಯ ಮೇಲೆ ಬಂದಿಳಿದು, ಆ ಊರಿನ ಮತ್ತು ಸುತ್ತಲಿನ ಊರುಗಳ ಜನರನ್ನು ಪಂಚರನ್ನಾಗಿ ಸೇರಿಸಿ, ಹೆಣದ ಮುಂದೆಯೇ ಪ್ರಮಾಣ ಮಾಡಿಸಿ ವಿಚಾರಿಸುತ್ತಿದ್ದನು. ಬಟ್ಟೆಗಳನ್ನು ತೆಗೆಸಿ, ಗಾಯಗಳ ಉದ್ದ, ಅಗಲ, ಆಳಗಳನ್ನು ಅಳೆಸುತ್ತಿದ್ದನು. ಸತ್ತವನು ಯಾರು, ಎಲ್ಲಿ ಸತ್ತನು, ಯಾವಾಗ, ಹೇಗೆ, ಕೊಂದವರಿದ್ದರೆ ಅವರು ಯಾರು, ಅವರ ಹೊಲಮನೆ ದನಕರುಗಳ ಬೆಲೆ ಎಷ್ಟು ಎಂಬುದೆಲ್ಲವೂ ಅವನ ಕರಣಿಕನ ಚರ್ಮದ ಸುರುಳಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ದಾಖಲಾಗುತ್ತಿತ್ತು.

ಕೊನೆಯ ಪ್ರಶ್ನೆ ಏಕೆ ಎಂದು ಯಾರಾದರೂ ಕೇಳಬಹುದು. ಉಳಿದ ಎಲ್ಲ ಪ್ರಶ್ನೆಗಳೂ ಹುಟ್ಟಿದ್ದು ಆ ಒಂದು ಪ್ರಶ್ನೆಗಾಗಿಯೇ. ಕೊಲೆಗಾರನ ಚರಸ್ವತ್ತು ರಾಜನಿಗೆ ಸೇರುತ್ತಿತ್ತು. ಕೊಲೆಗಾರನು ಸಿಕ್ಕದಿದ್ದರೂ ರಾಜನಿಗೆ ನಷ್ಟವಿರಲಿಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ತಮ್ಮವರನ್ನು ಸ್ಥಳೀಯರು ಗುಟ್ಟಾಗಿ ಕೊಲ್ಲದಿರಲೆಂದು ಒಂದು ಕಠಿಣ ನಿಯಮ ಬಂದಿತ್ತು. ಕೊಲೆಯಾದವನು ಇಂಗ್ಲಿಷನೆಂದು ಊರವರು ರುಜುವಾತು ಮಾಡದಿದ್ದರೆ ಅವನನ್ನು ನಾರ್ಮನ್ ಎಂದೇ ಭಾವಿಸಿ ಇಡೀ ಸೀಮೆಯ ಮೇಲೆ ಭಾರಿ ದಂಡ ಹೊರಿಸುತ್ತಿದ್ದರು. 'ಮರ್ಡ್ರುಮ್' ಎಂಬುದು ಆ ದಂಡದ ಹೆಸರು. ಕೊಲೆಗೆ ಇಂದು ಬಳಸುವ 'ಮರ್ಡರ್' ಎಂಬ ಮಾತು ಅದರ ಬಂಧು. ನಾರ್ಮನ್ನರೂ ಇಂಗ್ಲಿಷರೂ ಬೆರೆತುಹೋದ ಎಷ್ಟೋ ಕಾಲದ ಮೇಲೆ, 1340ರಲ್ಲಿ, ಈ ದಂಡ ರದ್ದಾಯಿತು. ಆಕಸ್ಮಿಕ ಮರಣದಲ್ಲಿಯೂ ರಾಜನಿಗೆ ಪಾಲಿತ್ತು. ಬಂಡಿ ಹರಿದು ಯಾರಾದರೂ ಸತ್ತರೆ ಆ ಬಂಡಿಯ, ಕುದುರೆ ಒದ್ದು ಸತ್ತರೆ ಆ ಕುದುರೆಯ ಬೆಲೆಯನ್ನು ಪಂಚರು ಕಟ್ಟಬೇಕಿತ್ತು. ದೇವರ ಹೆಸರಿನಲ್ಲಿ ದಾನಕ್ಕೆಂದು ಆ ಹಣ ರಾಜನಿಗೆ ಹೋಗುತ್ತಿತ್ತು. 'ದೇವರಿಗೆ ಕೊಡತಕ್ಕದ್ದು' ಎಂಬ ಅರ್ಥದ 'ಡಿಯೋಡ್ಯಾಂಡ್' ಎಂದು ಇದನ್ನು ಕರೆದರು. ರೈಲುಗಳು ಬಂದ ಮೇಲೆ ಪಂಚರು ಜನರನ್ನು ಕೊಂದ ಎಂಜಿನುಗಳ ಮೇಲೂ ಈ ದಂಡವನ್ನು ಹಾಕತೊಡಗಿದರು. 1846ರಲ್ಲಿ ಪಾರ್ಲಿಮೆಂಟು ಅದನ್ನು ರದ್ದುಗೊಳಿಸಿತು. ಅದೇ ವರ್ಷ, ಇನ್ನೊಬ್ಬರ ತಪ್ಪಿನಿಂದ ಸತ್ತವನ ಹೆಂಡತಿ ಮಕ್ಕಳಿಗೆ ಪರಿಹಾರ ಕೇಳುವ ಹಕ್ಕನ್ನು ಕೊಡುವ ಕಾನೂನೂ ಬಂದಿತು. ರಾಜನ ಪಾಲು ನಿಂತು ಮನೆಯವರ ಪಾಲು ಮೊದಲಾದ ಆ ವರ್ಷ ನೆನಪಿನಲ್ಲಿಡಬೇಕಾದುದು.

ಹೀಗೆ ನೋಡಿದರೆ ಮಧ್ಯಯುಗದ ಕೊರೋನರನು ಸಾವಿನ ಮನೆಗೆ ಬರುವ ಸುಂಕದವನಂತೆ ತೋರುತ್ತಾನೆ. ಅವನಿಗೆ ಅಧಿಕೃತವಾದ ಸಂಬಳವಿರಲಿಲ್ಲ. ಲಂಚ ಕೊಡದೆ ಹೆಣ ನೋಡಲು ಬಾರದ ಕೊರೋನರರೂ ಇದ್ದರು. ಜನರು ಅವನನ್ನು ಪ್ರೀತಿಸಲು ಕಾರಣವಿರಲಿಲ್ಲ. ಆದರೂ ಅವನ ಕೆಲಸದಲ್ಲಿ ಅವನಿಗೇ ತಿಳಿಯದ ಒಂದು ಒಳ್ಳೆಯ ಬೀಜವಡಗಿತ್ತು. ರಾಜನ ಲೆಕ್ಕ ತಪ್ಪಬಾರದೆಂದು ಅವನು ಅಸಹಜವಾದ ಪ್ರತಿಯೊಂದು ಸಾವಿನ ವಿವರವನ್ನೂ ಬರೆದನು. ಬಾವಿಗೆ ಬಿದ್ದ ಮಗು, ಕುದಿಯುವ ನೀರಿನ ಹಂಡೆಗೆ ಜಾರಿದ ಹೆಂಗಸು, ಮರದಿಂದ ಬಿದ್ದ ಕೂಲಿಯಾಳು ಇಂಥವರ ಹೆಸರುಗಳು ಆ ಸುರುಳಿಗಳಲ್ಲಿ ಉಳಿದಿವೆ. ರಾಜರ ಚರಿತ್ರೆ ಬರೆದವರು ಇವರನ್ನು ನೆನೆಯಲಿಲ್ಲ. ಅಂದಿನ ರೈತರು ಎಷ್ಟು ಹೊತ್ತಿಗೆ ಏಳುತ್ತಿದ್ದರು, ಮಕ್ಕಳು ಎಲ್ಲಿ ಆಡುತ್ತಿದ್ದರು, ಮನೆಯಲ್ಲಿ ಒಲೆ ಎಲ್ಲಿತ್ತು ಎಂಬುದನ್ನು ಇತಿಹಾಸಕಾರರು ಇಂದು ಅರಿಯುವುದು ಬಹುಮಟ್ಟಿಗೆ ಈ ಮರಣದ ದಾಖಲೆಗಳಿಂದ. ಹಣಕ್ಕಾಗಿ ಇಟ್ಟ ಲೆಕ್ಕ ಬಡವರ ಚರಿತ್ರೆಯಾಯಿತು.

ಕಾಲಕ್ರಮದಲ್ಲಿ ಕೊರೋನರನ ಬೇರೆ ಬೇರೆ ಕೆಲಸಗಳು ಒಂದೊಂದಾಗಿ ಇತರ ಅಧಿಕಾರಿಗಳ ಪಾಲಾದುವು. ಕೊನೆಗೆ ಅವನಲ್ಲಿ ಮುಖ್ಯವಾಗಿ ಉಳಿದುದು ಮರಣದ ವಿಚಾರಣೆಯೊಂದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹಳೆಯ ಪದವಿಗೆ ಹೊಸ ಜೀವ ಬಂದಿತು. ಅದಕ್ಕೆ ಕಾರಣರಾದವರಲ್ಲಿ ಥಾಮಸ್ ವೇಕ್ಲಿ ಪ್ರಮುಖನು. ವೃತ್ತಿಯಿಂದ ಶಸ್ತ್ರವೈದ್ಯನಾಗಿದ್ದ ಆತನು 1823ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯನ್ನು ಸ್ಥಾಪಿಸಿದನು. 1839ರಲ್ಲಿ ಲಂಡನ್ನಿನ ಪಕ್ಕದ ಪಶ್ಚಿಮ ಮಿಡ್ಲ್‌ಸೆಕ್ಸಿನ ಕೊರೋನರನಾಗಿ ಚುನಾಯಿತನಾದನು. ಸಾವಿನ ಕಾರಣವನ್ನು ತಿಳಿಯಲು ವೈದ್ಯಜ್ಞಾನ ಬೇಕೆಂಬುದು ಅವನ ವಾದ.

1846ರ ಬೇಸಗೆಯಲ್ಲಿ ಹೌನ್ಸ್ಲೋ ಎಂಬಲ್ಲಿ ಫ್ರೆಡರಿಕ್ ಜಾನ್ ವೈಟ್ ಎಂಬ ಸಾಮಾನ್ಯ ಸಿಪಾಯಿಯೊಬ್ಬನಿಗೆ ಶಿಕ್ಷೆಯಾಗಿ 150 ಚಾಟಿಯೇಟುಗಳನ್ನು ಹೊಡೆದರು. ಕೆಲವು ವಾರಗಳಲ್ಲಿ ಅವನು ಸತ್ತನು. ಚಾಟಿಯೇಟಿಗೂ ಸಾವಿಗೂ ಸಂಬಂಧವಿಲ್ಲವೆಂದು ಸೈನ್ಯದ ವೈದ್ಯರು ಹೇಳಿದರು. ಆದರೆ ಅಲ್ಲಿಯ ಪಾದ್ರಿಯು ಹೆಣವನ್ನು ಹೂಳಲು ಒಪ್ಪದೆ ಕೊರೋನರನಿಗೆ ಸುದ್ದಿ ಕಳುಹಿಸಿದನು. ವೇಕ್ಲಿಯು ವಿಚಾರಣೆ ನಡೆಸಿ, ಸೈನ್ಯಕ್ಕೆ ಸೇರದ ವೈದ್ಯನಿಂದ ಮರಳಿ ಪರೀಕ್ಷೆ ಮಾಡಿಸಿದನು. ಆ ಸಿಪಾಯಿ ಸತ್ತುದು ಚಾಟಿಯೇಟುಗಳ ಪರಿಣಾಮವಾಗಿಯೇ ಎಂದು ಪಂಚರು ನಿರ್ಣಯಿಸಿದರು. ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಅದೇ ವರ್ಷ ಸೈನ್ಯದಲ್ಲಿ ಚಾಟಿಯೇಟುಗಳ ಮಿತಿಯನ್ನು 50ಕ್ಕೆ ಇಳಿಸಲಾಯಿತು. 1881ರಲ್ಲಿ ಆ ಶಿಕ್ಷೆಯೇ ನಿಂತುಹೋಯಿತು. ಯಾವ ಕಿರೀಟದ ಹಿತಕ್ಕಾಗಿ ಈ ಪದವಿ ಹುಟ್ಟಿತೋ ಆ ಕಿರೀಟದ ಸೈನ್ಯವನ್ನೇ ಅದು ಒಬ್ಬ ಬಡ ಸಿಪಾಯಿಯ ಪರವಾಗಿ ಪ್ರಶ್ನಿಸಿತು.

ಇಂಥ ವಿಚಾರಣೆಗಳು ಯಾವಾಗಲೂ ಸರಿಯಾಗಿಯೇ ಮುಗಿಯುತ್ತವೆ ಎಂದಲ್ಲ. 1989ರ ಏಪ್ರಿಲ್ 15ರಂದು ಷೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯ ನೋಡಲು ಬಂದವರು ನೂಕುನುಗ್ಗಲಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಆ ದುರಂತಕ್ಕೆ ಬಲಿಯಾದವರು ಒಟ್ಟು 97 ಮಂದಿ. ಕೊನೆಯವನು ಗಾಯಗಳ ಪರಿಣಾಮದಿಂದ 2021ರಲ್ಲಿ ತೀರಿಕೊಂಡನು. 1991ರಲ್ಲಿ ಮೊದಲ ವಿಚಾರಣೆ ಇದನ್ನು ಆಕಸ್ಮಿಕ ಮರಣವೆಂದು ಹೇಳಿ ಮುಗಿಸಿತು. ಸತ್ತವರ ತಂದೆತಾಯಿಗಳು ಅದನ್ನು ಒಪ್ಪಲಿಲ್ಲ. ವರ್ಷಗಟ್ಟಲೆ ಹೋರಾಡಿದರು. 2012ರಲ್ಲಿ ಉಚ್ಚ ನ್ಯಾಯಾಲಯ ಹಳೆಯ ನಿರ್ಣಯವನ್ನು ತಳ್ಳಿಹಾಕಿತು. ಹೊಸ ವಿಚಾರಣೆ ಎರಡು ವರ್ಷಗಳ ಕಾಲ ನಡೆದು, 2016ರ ಏಪ್ರಿಲ್ 26ರಂದು ಪಂಚರು ಅದುವರೆಗೆ ಮಡಿದಿದ್ದ 96 ಮಂದಿಯೂ ಕಾನೂನುಬಾಹಿರವಾಗಿ ಹತರಾದವರೆಂದು ನಿರ್ಣಯವಿತ್ತರು. ಪ್ರೇಕ್ಷಕರ ತಪ್ಪೇನೂ ಇರಲಿಲ್ಲವೆಂದು ಹೇಳಿದರು. ಆ ಮಾತನ್ನು ಕೇಳಲು ಮನೆಯವರು 27 ವರ್ಷ ಕಾದಿದ್ದರು. ಅವರಿಗೆ ಬೇಕಾಗಿದ್ದುದು ಮೊದಲಿಗೆ ಹಣವಲ್ಲ. ತಮ್ಮವರು ಹೇಗೆ ಸತ್ತರೆಂಬ ಸತ್ಯ.

ಇಂದು ಇಂಗ್ಲೆಂಡಿನಲ್ಲಿ ಕೊರೋನರನ ಕರ್ತವ್ಯವನ್ನು 2009ರ ಕಾನೂನು ನಾಲ್ಕು ಪ್ರಶ್ನೆಗಳಲ್ಲಿ ಅಡಗಿಸಿದೆ: ಸತ್ತವರು ಯಾರು? ಹೇಗೆ? ಯಾವಾಗ? ಎಲ್ಲಿ? ಎಂಟುನೂರು ವರ್ಷಗಳ ಹಿಂದೆ ಹೊಳೆಯ ದಡದಲ್ಲಿ ಕೇಳಿದ ಪ್ರಶ್ನೆಗಳೇ ಇವು. ಸ್ವತ್ತಿನ ಬೆಲೆ ಎಷ್ಟು ಎಂಬ ಪ್ರಶ್ನೆ ಮಾತ್ರ ಬಿದ್ದುಹೋಗಿದೆ. ಹಳೆಯ ಕಾಲದ ಇನ್ನೊಂದು ಗುರುತೂ ಉಳಿದಿದೆ: ನೆಲದಲ್ಲಿ ನಿಧಿ ದೊರೆತರೆ ಅದು ನಿಧಿಯೇ ಅಲ್ಲವೇ ಎಂದು ನಿರ್ಣಯಿಸುವವನು ಇಂದಿಗೂ ಕೊರೋನರನೇ. 2009ರಲ್ಲಿ ಸ್ಟ್ಯಾಫರ್ಡ್‌ಷೈರಿನ ಹೊಲವೊಂದರಲ್ಲಿ ಸಿಕ್ಕ ಪ್ರಾಚೀನ ಚಿನ್ನದ ರಾಶಿಯನ್ನು ನಿಧಿಯೆಂದು ಸಾರಿದವನೂ ಅವನೇ.

ಬ್ರಿಟಿಷರ ಆಳ್ವಿಕೆಯಲ್ಲಿ ಈ ಪದವಿ ನಮ್ಮ ದೇಶಕ್ಕೂ ಬಂದಿತು. ಕಲ್ಕತ್ತ, ಮದರಾಸು, ಮುಂಬಯಿ ಎಂಬ ದೊಡ್ಡ ನಗರಗಳಿಗೆ ಮಾತ್ರ ಅದು ಸೀಮಿತವಾಗಿತ್ತು. 1871ರಲ್ಲಿ ಅದಕ್ಕಾಗಿ ಒಂದು ಅಧಿನಿಯಮವೂ ಆಯಿತು. ಎಲ್ಲಕ್ಕಿಂತ ಹೆಚ್ಚು ಕಾಲ ಅದು ಉಳಿದುದು ಮುಂಬಯಿಯಲ್ಲಿ. 1999ರಲ್ಲಿ ಅಲ್ಲಿಯೂ ರದ್ದಾಯಿತು. ಹೆಸರು ಹೋದರೂ ಅದರ ಹಿಂದಿನ ಕರ್ತವ್ಯ ನಮ್ಮಲ್ಲಿ ಬೇರೆ ರೂಪದಲ್ಲಿದೆ. ಸಂಶಯಾಸ್ಪದವಾದ ಸಾವು ಸಂಭವಿಸಿದಾಗ ಪೊಲೀಸ್ ಅಧಿಕಾರಿಯು ಸ್ಥಳಕ್ಕೆ ಹೋಗಿ, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮದಲ್ಲಿ ದೇಹದ ಮೇಲಿನ ಗಾಯಗಳನ್ನು ಗುರುತಿಸಿ, ಸಾವಿನ ಕಾರಣದ ವರದಿಯನ್ನು ಬರೆಯಬೇಕು. ಇದನ್ನೇ ನಾವು ಶವಪಂಚನಾಮೆ ಅಥವಾ ಮಹಜರು ಎನ್ನುತ್ತೇವೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಲ್ಲಿದ್ದ ಈ ವಿಧಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಲ್ಲಿ ಮುಂದುವರಿದಿದೆ. ಪೊಲೀಸರ ವಶದಲ್ಲಿದ್ದವನು ಸತ್ತರೆ ಪೊಲೀಸರ ವರದಿಯೊಂದೇ ಸಾಲದು; ಮ್ಯಾಜಿಸ್ಟ್ರೇಟರೂ ವಿಚಾರಣೆ ನಡೆಸಬೇಕು. ಹಿಂದೆ ಷೆರಿಫನ ಮೇಲೊಂದು ಕಣ್ಣಾಗಿ ಕೊರೋನರನಿದ್ದಂತೆಯೇ ಇದು.

ಕಿರೀಟದಿಂದ ಹೆಸರು ಪಡೆದ ಈ ಪದವಿ ನಮಗೆ ಕಲಿಸುವ ಪಾಠವೊಂದಿದೆ. ಸಂಸ್ಥೆಗಳು ಯಾವ ಉದ್ದೇಶದಿಂದ ಹುಟ್ಟಿದುವೆಂಬುದರಷ್ಟೇ, ಜನರು ಅವುಗಳನ್ನು ಯಾವುದಕ್ಕಾಗಿ ಬಳಸಿಕೊಂಡರೆಂಬುದೂ ಮುಖ್ಯ. ಹೂಳಲೊಪ್ಪದ ಪಾದ್ರಿ, ಹಟ ಬಿಡದ ವೈದ್ಯ, ಇಪ್ಪತ್ತೇಳು ವರ್ಷ ಕಾದ ತಂದೆತಾಯಿಗಳು ಇಲ್ಲದಿದ್ದರೆ ಕೊರೋನರನು ಇತಿಹಾಸದಲ್ಲಿ ರಾಜನ ಸುಂಕದವನಾಗಿಯೇ ಉಳಿಯುತ್ತಿದ್ದನು. ಒಬ್ಬ ಮನುಷ್ಯನು ಸತ್ತಾಗ, ಅವನು ಎಷ್ಟೇ ಬಡವನಾಗಿರಲಿ, ಹೇಗೆ ಸತ್ತನೆಂದು ಸಮಾಜವು ನಿಂತು ಕೇಳಬೇಕು. ಹಾಗೆ ಕೇಳುವ ನಾಡಿನಲ್ಲಿ ಬದುಕಿರುವವರ ಪ್ರಾಣಕ್ಕೂ ಬೆಲೆಯಿರುತ್ತದೆ.

ಅಭ್ಯಾಸ

ಪದಗಳ ಅರ್ಥ: ವ್ಯಾಜ್ಯ – ಮೊಕದ್ದಮೆ, ಕರಣಿಕ – ಲೆಕ್ಕಪತ್ರ ಬರೆಯುವವನು, ಒತ್ತೆಹಣ – ಸೆರೆಯಾದವನನ್ನು ಬಿಡಿಸಲು ಕೊಡುವ ಹಣ, ಚರಸ್ವತ್ತು – ಸಾಗಿಸಬಹುದಾದ ಆಸ್ತಿ, ಸಮಕ್ಷಮ – ಎದುರು, ಮಹಜರು – ಸ್ಥಳದಲ್ಲಿ ಪಂಚರ ಎದುರಿನಲ್ಲಿ ಬರೆದ ವರದಿ.

ಪ್ರಶ್ನೆಗಳು:
1. 'ಕೊರೋನರ್' ಎಂಬ ಹೆಸರು ಹೇಗೆ ಬಂದಿತು?
2. 1194ರಲ್ಲಿ ಈ ಪದವಿಯನ್ನು ಸ್ಥಾಪಿಸಲು ಕಾರಣಗಳೇನು?
3. ಕೊರೋನರನನ್ನು 'ಪಾಲಕ' ಎಂದು ಕರೆದುದರ ಔಚಿತ್ಯವೇನು?
4. 'ಹಣಕ್ಕಾಗಿ ಇಟ್ಟ ಲೆಕ್ಕ ಬಡವರ ಚರಿತ್ರೆಯಾಯಿತು' – ಈ ಮಾತನ್ನು ವಿವರಿಸಿರಿ.
5. ಸಿಪಾಯಿ ವೈಟನ ಮರಣದ ವಿಚಾರಣೆಯಿಂದ ಆದ ಪರಿಣಾಮಗಳನ್ನು ತಿಳಿಸಿರಿ.